ವಿಳಾಸದೊಳಗೆ ನಮ್ಮೂರ ಹೆಸರು

(ಗಡಿ ತಾಲೂಕುಗಳಲ್ಲಿ ವೆಬ್‌ಪುಟ, ಫಾರ್ಮ್, ಶೇರ್ ಬಟನ್ ಅಂತ ಕೈ ಹಾಕಿರುವ ಹುಡುಗ ಹುಡುಗಿಯರಿಗಾಗಿ ನಾವು ಆಡಿದ ಮಾತಿನ ಬರಹರೂಪ. ಕೋಡ್‌ನ ಹೆಸರುಗಳನ್ನು ಬಾಯಲ್ಲಿ ಹೇಳಿದ ಹಾಗೇ ಕನ್ನಡದಲ್ಲಿ ಕೊಟ್ಟಿದ್ದೇವೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಬೇಕು.)



ಕಾಸರಗೋಡು, ವಯನಾಡಿನವರು ಇದ್ದೀರಿ. ತಾಳವಾಡಿ, ಹೊಸೂರು, ನೀಲಗಿರಿಯವರು ಇದ್ದೀರಿ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆ ಕಡೆಯವರು, ಆದೋನಿ, ರಾಯದುರ್ಗ, ಮಡಕಶಿರಾದವರು, ತೆಲಂಗಾಣ, ಗೋವಾದವರೂ ಇದ್ದೀರಿ. ನಿಮ್ಮಲ್ಲಿ ಬಹಳ ಜನ ಊರ ಶಾಲೆಗೋ, ಸಂಘಕ್ಕೋ, ಜಾತ್ರೆಗೋ ಒಂದು ಪುಟ್ಟ ವೆಬ್‌ಪುಟ ಮಾಡಿಕೊಡೋರು, ಇಲ್ಲಾ ಮಾಡಿಕೊಡಬೇಕು ಅಂತಿರೋರು. ಆ ಕೆಲಸದಲ್ಲಿ ಬರುವ ಒಂದು ತೊಡಕಿನ ಬಗ್ಗೆ ಇವತ್ತು ಮಾತಾಡ್ತೀವಿ. ತೊಡಕು ಸಣ್ಣದೇ. ಆದರೆ ಅದರಿಂದಾಗಿ ನಮ್ಮ ಊರುಗಳ ಕನ್ನಡ ಹೆಸರು ಲಿಂಕ್‌ಗಳಿಂದ ಜಾರಿ ಹೋಗ್ತಾ ಇದೆ.

ಕನ್ನಡ ವಿಕಿಪೀಡಿಯಾದಲ್ಲಿ ಕಾಸರಗೋಡಿನ ಪುಟ ತೆರೆಯಿರಿ. ಬ್ರೌಸರಿನ ಮೇಲ್ಪಟ್ಟಿಯಲ್ಲಿ ವಿಳಾಸ ಕನ್ನಡದಲ್ಲೇ ಚೆಂದವಾಗಿ ಕಾಣುತ್ತೆ. ಅದನ್ನೇ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದರೆ ಎಷ್ಟೋ ಸಲ ಶೇಕಡಾ ಚಿಹ್ನೆಗಳ ಒಂದು ಉದ್ದ ಬಾಲ ಬರುತ್ತೆ. ನೋಡಿದವರು "ಇದೇನೋ ವೈರಸ್ ಲಿಂಕ್ ಕಣಪ್ಪ, ಒತ್ಬೇಡ" ಅಂತಾರೆ. ಮುಂದಿನ ಹಂತದಲ್ಲಿ, ಪುಟ ಮಾಡುವವನೇ "ಕನ್ನಡದಲ್ಲಿ ಲಿಂಕ್ ಇಟ್ಟರೆ ಒಡೆದುಹೋಗುತ್ತೆ, ಸುಮ್ನೆ ಇಂಗ್ಲಿಷಲ್ಲೇ ಇಡು" ಅಂತ ತೀರ್ಮಾನ ಮಾಡಿಬಿಡ್ತಾನೆ.

ಬೆಂಗಳೂರಿನಲ್ಲಿ ಕೂತವರಿಗೆ ಇದು ಅಷ್ಟು ದೊಡ್ಡ ವಿಷಯ ಅನ್ನಿಸಲಿಕ್ಕಿಲ್ಲ. ನಮಗೆ ಹಾಗಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು ಅಂದ ಕೂಡಲೇ, ಯಾವ ಇಂಗ್ಲಿಷ್ ಅಕ್ಷರ ಅನ್ನೋ ಪ್ರಶ್ನೆ ಏಳುತ್ತೆ. ಹೊಸೂರು ತಮಿಳಿನಲ್ಲಿ ಓಸೂರ್. ಮಂಜೇಶ್ವರ ಮಲಯಾಳದಲ್ಲಿ ಮಂಜೇಶ್ವರಂ. ಅಕ್ಕಲಕೋಟೆ ಮರಾಠಿಯಲ್ಲಿ ಅಕ್ಕಲ್‌ಕೋಟ್. ಇಂಗ್ಲಿಷ್ ಕಾಗುಣಿತ ಸಾಮಾನ್ಯವಾಗಿ ಆ ರಾಜ್ಯದ ಆಡಳಿತ ಭಾಷೆಯ ಹಿಂದೆ ಹೋಗುತ್ತೆ. ಆ ಹೆಸರುಗಳೂ ಅವರವರಿಗೆ ಸರಿಯೇ, ಅದರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ನಮ್ಮ ಪುಟದ ವಿಳಾಸದಲ್ಲಿ ನಮ್ಮ ಅಜ್ಜಿ ಕರೆಯುವ ಹೆಸರು ಇರಬಾರದು ಅನ್ನೋದಕ್ಕೆ ಯಾವ ತಾಂತ್ರಿಕ ಕಾರಣವೂ ಇಲ್ಲ. ಅದನ್ನು ತೋರಿಸೋದೇ ಈ ಮಾತಿನ ಉದ್ದೇಶ.

ಮೊದಲು ಆ ಬಾಲ ಏನು ಅಂತ ನೋಡೋಣ.

ವೆಬ್ ವಿಳಾಸದ ನಿಯಮ ಬರೆದಾಗ, 1994ರಲ್ಲಿ, ವಿಳಾಸದೊಳಗೆ ನೇರವಾಗಿ ಬರಬಹುದಾದ ಅಕ್ಷರ ಬಹಳ ಕಡಿಮೆ. ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ, ಅಷ್ಟೇ. ಉಳಿದದ್ದೆಲ್ಲ ಶೇಕಡಾ ಚಿಹ್ನೆ ಹಾಕಿ, ಮುಂದೆ ಎರಡು ಹೆಕ್ಸ್ ಅಂಕಿ ಬರೆದು ಕಳಿಸಬೇಕು. ಹೆಕ್ಸ್ ಅಂದರೆ ಹದಿನಾರರ ಲೆಕ್ಕ: ಸೊನ್ನೆಯಿಂದ ಒಂಬತ್ತು, ಆಮೇಲೆ ಇಂಗ್ಲಿಷಿನ ಎ ಇಂದ ಎಫ್. 2005ರ ಜನವರಿಯಲ್ಲಿ ಟಿಮ್ ಬರ್ನರ್ಸ್-ಲೀ, ರಾಯ್ ಫೀಲ್ಡಿಂಗ್, ಲ್ಯಾರಿ ಮ್ಯಾಸಿಂಟರ್ ಬರೆದ ಆರ್‌ಎಫ್‌ಸಿ 3986 ಈಗಲೂ ಅದರ ಆಧಾರ. ಅದರಲ್ಲಿ ಯಾವ ಅನುಮಾನವೂ ಇಲ್ಲದೆ ಹಾಗೇ ಬಿಡಬಹುದಾದ ಚಿಹ್ನೆ ನಾಲ್ಕೇ: ಸಣ್ಣ ಗೆರೆ, ಚುಕ್ಕಿ, ಅಡಿಗೆರೆ, ಅಲೆಗೆರೆ.

ಕನ್ನಡದ 'ಕ' ಅಕ್ಷರಕ್ಕೆ ಯುನಿಕೋಡ್‌ನಲ್ಲಿ 0ಸಿ95 ಅನ್ನೋ ಸಂಖ್ಯೆ. 1991ರ ಮೊದಲ ಯುನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು, ನಾವೇನೂ ತಡವಾಗಿ ಬಂದ ನೆಂಟರಲ್ಲ. ಈ ಸಂಖ್ಯೆಯನ್ನು ಯುಟಿಎಫ್-8 ಪದ್ಧತಿಯಲ್ಲಿ ಬರೆದರೆ ಮೂರು ಬೈಟ್ ಆಗುತ್ತೆ: ಇ0, ಬಿ2, 95. ಒಂದೊಂದಕ್ಕೂ ಮುಂದೆ ಶೇಕಡಾ ಚಿಹ್ನೆ ಹಾಕಿದರೆ %ಇ0%ಬಿ2%95. ಒಂದು ಅಕ್ಷರಕ್ಕೆ ಒಂಬತ್ತು ಗುರುತು. 'ಕನ್ನಡ' ಅನ್ನೋ ಪದದಲ್ಲಿ ಕ, ನ, ಹಲಂತ, ನ, ಡ ಅಂತ ಐದು ಸಂಕೇತ ಇದೆ, ಆದ್ದರಿಂದ 45 ಗುರುತು. 'ಕಾಸರಗೋಡು' 72. ಬಾಲದ ಗುಟ್ಟು ಇಷ್ಟೇ. ವೈರಸ್ಸೂ ಅಲ್ಲ, ಹಾಳಾದ ಲಿಂಕೂ ಅಲ್ಲ. ಹೆಸರು ಪೂರ್ತಿಯಾಗಿ ಅದರೊಳಗೇ ಇದೆ.

ಗಡಿಯಲ್ಲಿ ಬೆಳೆದ ನಮಗೆ ಇದರಲ್ಲೊಂದು ಮಜಾ ಇದೆ. ಕನ್ನಡದ ಎಲ್ಲ ಅಕ್ಷರವೂ ಇ0 ಬಿ2 ಅಥವಾ ಇ0 ಬಿ3 ಇಂದ ಶುರುವಾಗುತ್ತೆ. ತೆಲುಗು ಇ0 ಬಿ0, ಬಿ1. ಮಲಯಾಳ ಇ0 ಬಿ4, ಬಿ5. ಅಂದರೆ ನಮ್ಮ ಎಡಗಡೆ ಮನೆ ತೆಲುಗು, ಬಲಗಡೆ ಮನೆ ಮಲಯಾಳ, ನಡುವೆ ಕನ್ನಡ. ತಮಿಳು ಎಇ, ಎಎಫ್. ಮರಾಠಿ ಬರೆಯುವ ದೇವನಾಗರಿ ಎ4, ಎ5. ಯಾವುದೋ ಲಿಂಕಿನ ಬಾಲ ಕಂಡಾಗ ಎರಡನೆಯ ಜೋಡಿ ನೋಡಿದರೆ ಸಾಕು, ತೆರೆಯದೇನೆ ಅದು ಯಾವ ಲಿಪಿಯಲ್ಲಿದೆ ಅಂತ ಹೇಳಬಹುದು.

ಹಾಗಾದರೆ ಒಡೆಯೋದು ಎಲ್ಲಿ? ಕನ್ನಡ ಅಕ್ಷರದಿಂದ ಒಡೆಯೋದು ಅಪರೂಪ. ಪುಟವನ್ನು ಯುಟಿಎಫ್-8 ಅಂತ ಘೋಷಿಸಿದ್ದರೆ ಇವತ್ತಿನ ಬ್ರೌಸರ್‌ಗಳು ಕನ್ನಡವನ್ನು ತಾವೇ ಸರಿಯಾಗಿ ಬದಲಿಸಿ ಕಳಿಸುತ್ವೆ. ಒಡೆಯೋದು ಕನ್ನಡದ ನಡುವೆ ಬರುವ ಪುಟ್ಟ ಚಿಹ್ನೆಗಳಿಂದ. ಒಂದು ಶಾಲೆಯ ಪ್ರವೇಶದ ಪ್ರಕಟಣೆ ಇದೆ ಅಂತ ಇಟ್ಟುಕೊಳ್ಳೋಣ:

"1ನೇ ತರಗತಿ & ಎಲ್‌ಕೆಜಿ ಪ್ರವೇಶ ಆರಂಭ. 100% ಕನ್ನಡ ಮಾಧ್ಯಮ. ಕೊನೆಯ ದಿನ ಮೇ 31. ವಿವರಕ್ಕೆ +91 ಇಂದ ಶುರುವಾಗುವ ಈ ನಂಬರ್. #ನಮ್ಮೂರಶಾಲೆ"

ಇದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚಲು ಒಂದು ಬಟನ್ ಮಾಡ್ತೀರಿ. ಡಬ್ಲ್ಯುಎ ಡಾಟ್ ಮಿ ಅನ್ನೋ ವಿಳಾಸ, ಪ್ರಶ್ನೆ ಚಿಹ್ನೆ, ಆಮೇಲೆ 'ಟೆಕ್ಸ್ಟ್=' ಅಂತ ಬರೆದು ಸಂದೇಶವನ್ನು ಹಾಗೇ ಅಂಟಿಸ್ತೀರಿ. ಏನಾಗುತ್ತೆ?

ಸಂದೇಶ "1ನೇ ತರಗತಿ" ಅನ್ನೋಷ್ಟಕ್ಕೇ ನಿಲ್ಲುತ್ತೆ. ಯಾಕಂದ್ರೆ ವಿಳಾಸದಲ್ಲಿ & ಅಂದರೆ 'ಇಲ್ಲಿಗೆ ಈ ಮಾಹಿತಿ ಮುಗಿಯಿತು, ಮುಂದಿನದ್ದು ಬೇರೆ' ಅಂತ ಅರ್ಥ. ಕೊನೆಯ ದಿನಾಂಕ ಹೋಯ್ತು, ಫೋನ್ ನಂಬರ್ ಹೋಯ್ತು. ಸರಿ, & ತೆಗೆದು 'ಮತ್ತು' ಅಂತ ಬರೆದ್ರಿ ಅನ್ನಿ. ಈಗ # ಬಂದ ಜಾಗದಲ್ಲಿ ಕತ್ತರಿಸುತ್ತೆ. # ಆದಮೇಲಿನ ಭಾಗವನ್ನು ಬ್ರೌಸರ್ ತನ್ನ ಬಳಿಯೇ ಇಟ್ಟುಕೊಳ್ಳುತ್ತೆ, ಸರ್ವರಿಗೆ ಕಳಿಸೋದೇ ಇಲ್ಲ. + ಚಿಹ್ನೆಯನ್ನು ಬಹಳಷ್ಟು ಕಡೆ ಖಾಲಿ ಜಾಗ ಅಂತ ಓದ್ತಾರೆ. 100% ಅನ್ನೋದು ಇವೆಲ್ಲಕ್ಕಿಂತ ತರಲೆ: ಶೇಕಡಾ ಚಿಹ್ನೆ ಕಂಡ ಕೂಡಲೇ ಕಂಪ್ಯೂಟರ್ ಮುಂದೆ ಎರಡು ಹೆಕ್ಸ್ ಅಂಕಿ ಹುಡುಕುತ್ತೆ, ಸಿಗದಿದ್ದರೆ ಜಾವಾಸ್ಕ್ರಿಪ್ಟ್‌ನ ಡಿಕೋಡ್ ಫಂಕ್ಷನ್ 'ಯುಆರ್‌ಐ ಎರರ್' ಅಂತ ಕೈ ಎತ್ತುತ್ತೆ. ನೂರಕ್ಕೆ ನೂರು ಕನ್ನಡ ಮಾಧ್ಯಮ ಅಂತ ಹೆಮ್ಮೆಯಿಂದ ಬರೆದದ್ದೇ ಲಿಂಕಿಗೆ ಕುತ್ತು.

ಇಲ್ಲಿ ಕಳೆದುಹೋಗೋದು ಬರೀ ಅಕ್ಷರ ಅಲ್ಲ ಅನ್ನೋದನ್ನ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಗಡಿಯ ಕನ್ನಡ ಶಾಲೆಯಲ್ಲಿ ಒಂದು ತರಗತಿ ಉಳಿಯೋದು ನಾಲ್ಕೈದು ಮಕ್ಕಳ ಲೆಕ್ಕದಲ್ಲಿ. ಅರ್ಧ ಸಂದೇಶ ಸಿಕ್ಕ ತಂದೆ ತಾಯಿ ದಿನಾಂಕ ಗೊತ್ತಾಗದೆ ಸುಮ್ಮನಾದರೆ, ಆ ಮಗು ಪಕ್ಕದ ಶಾಲೆಗೆ ಹೋಗುತ್ತೆ.

ಪರಿಹಾರ ಒಂದೇ ಸಾಲಿನದು, ಅದೂ ಬ್ರೌಸರಿನ ಒಳಗೇ ಇದೆ. 1999ರ ಡಿಸೆಂಬರಿನಲ್ಲಿ ಬಂದ ಇಸಿಎಂಎಸ್ಕ್ರಿಪ್ಟ್ ಮೂರನೆಯ ಆವೃತ್ತಿಯಿಂದಲೇ ಇರುವ 'ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್' ಅನ್ನೋ ಫಂಕ್ಷನ್. ಸರ್ವರ್ ಬೇಡ, ದುಡ್ಡು ಬೇಡ, ಯಾವ ಲೈಬ್ರರಿಯನ್ನೂ ಇಳಿಸಿಕೊಳ್ಳಬೇಕಿಲ್ಲ. ನಮ್ಮಲ್ಲಿ ಹೆಚ್ಚಿನವರು ಗಿಟ್‌ಹಬ್ ಪೇಜಸ್ ಥರದ ಪುಕ್ಕಟೆ ಜಾಗದಲ್ಲಿ ಪುಟ ಇಡೋರು. ಅಲ್ಲಿ ಸರ್ವರ್ ಕಡೆಯ ಕೋಡ್ ಓಡಿಸೋಕೆ ಆಗೋದೇ ಇಲ್ಲ, ಏನು ಮಾಡಿದರೂ ನೋಡುವವರ ಬ್ರೌಸರಿನಲ್ಲೇ ಮಾಡಬೇಕು. ಅದಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ.

ಲಿಂಕ್ = ವಿಳಾಸ + "?ಟೆಕ್ಸ್ಟ್=" + ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್(ಸಂದೇಶ)

ಇಷ್ಟೇ. ಇದು & ಅನ್ನು %26 ಮಾಡುತ್ತೆ, # ಅನ್ನು %23, + ಅನ್ನು %2ಬಿ, ಶೇಕಡಾ ಚಿಹ್ನೆಯನ್ನೇ %25, ಖಾಲಿ ಜಾಗವನ್ನು %20. ಸಾಲು ಮುರಿದು ಬರೆದಿದ್ದರೆ ಅದು %0ಎ ಆಗಿ ಹೋಗುತ್ತೆ, ಸಂದೇಶ ಆ ಕಡೆ ಸಾಲು ಸಾಲಾಗಿಯೇ ಇಳಿಯುತ್ತೆ. (ಅಂದ ಹಾಗೆ 'ಲಿಂಕ್', 'ಸಂದೇಶ' ಅಂತ ವೇರಿಯಬಲ್‌ಗೆ ಕನ್ನಡದಲ್ಲೇ ಹೆಸರಿಟ್ಟರೂ ಜಾವಾಸ್ಕ್ರಿಪ್ಟ್ ತಕರಾರು ಮಾಡೋದಿಲ್ಲ. ಫಂಕ್ಷನ್ ಹೆಸರು ಮಾತ್ರ ಇಂಗ್ಲಿಷ್.)

ಇದರ ಪಕ್ಕದಲ್ಲೇ 'ಎನ್‌ಕೋಡ್‌ಯುಆರ್‌ಐ' ಅಂತ ಇನ್ನೊಂದಿದೆ. ಹೆಸರು ಹತ್ತಿರ, ಕೆಲಸ ಬೇರೆ. ಅದು ಪೂರ್ತಿ ವಿಳಾಸಕ್ಕೆ ಅಂತ ಮಾಡಿದ್ದು, ಆದ್ದರಿಂದ & # + / ? = ಇವನ್ನೆಲ್ಲ ಮುಟ್ಟೋದೇ ಇಲ್ಲ. ನಮ್ಮ ಪ್ರಕಟಣೆಯನ್ನು ಅದಕ್ಕೆ ಕೊಟ್ಟರೆ ಕನ್ನಡ ಅಕ್ಷರವೆಲ್ಲ ಬದಲಾಗಿ ಕೆಲಸ ಆಯ್ತು ಅಂತ ಕಾಣುತ್ತೆ, & ಮಾತ್ರ ಹಾಗೇ ಉಳಿದು ಮೊದಲಿನ ಜಾಗದಲ್ಲೇ ಕತ್ತರಿಸುತ್ತೆ. ಬರೀ ಊರಿನ ಹೆಸರು ಹಾಕಿ ಪರೀಕ್ಷೆ ಮಾಡಿದರೆ ಇದು ಸಿಕ್ಕಿಬೀಳೋದಿಲ್ಲ, ಅದಕ್ಕೇ ಅಪಾಯ. ಮೂರನೆಯದು 'ಎಸ್ಕೇಪ್'. ಹಳೆ ಪಾಠಗಳಲ್ಲಿ ಇನ್ನೂ ಸಿಗುತ್ತೆ. ಅದು 'ಕ'ವನ್ನು %ಯು0ಸಿ95 ಅಂತ ಮಾಡುತ್ತೆ. ಅಂಥ ರೂಪ ವಿಳಾಸದ ನಿಯಮದಲ್ಲೇ ಇಲ್ಲ. ಕಂಡರೆ ತೆಗೆದು ಹಾಕಿ.

ನಾವು ಪಾಲಿಸುವ ಕ್ರಮ ಹೀಗೆ: ವಿಳಾಸವನ್ನು ಜೋಡಿಸುವ ಮೊದಲು, ಒಂದೊಂದು ತುಂಡನ್ನೂ ಬೇರೆ ಬೇರೆಯಾಗಿ, ಒಂದೇ ಒಂದು ಸಲ ಎನ್‌ಕೋಡ್ ಮಾಡೋದು. ಅಡುಗೆಗೆ ತರಕಾರಿ ತೊಳೆಯೋದು ಹೆಚ್ಚುವ ಮುಂಚೆ ತಾನೇ, ಸಾರಿಗೆ ಹಾಕಿದ ಮೇಲಲ್ಲ.

'ಒಂದೇ ಸಲ' ಅನ್ನೋದಕ್ಕೂ ಕಾರಣ ಇದೆ. ಒಮ್ಮೆ ಎನ್‌ಕೋಡ್ ಆದ %ಇ0ಯನ್ನು ಮತ್ತೆ ಎನ್‌ಕೋಡ್ ಮಾಡಿದರೆ ಶೇಕಡಾ ಚಿಹ್ನೆಯೇ %25 ಆಗಿ, %25ಇ0 ಅಂತ ಬರುತ್ತೆ. ಆ ಕಡೆಯವರು ಒಂದು ಸಲ ಬಿಡಿಸಿದರೆ ಊರಿನ ಹೆಸರಿನ ಬದಲು ಶೇಕಡಾ ಬಾಲವೇ ಪರದೆಯ ಮೇಲೆ ಕಾಣುತ್ತೆ. ಸಾಮಾನ್ಯವಾಗಿ ಇದು ಎಲ್ಲಿ ಆಗುತ್ತೆ ಅಂದರೆ, ಬ್ರೌಸರಿನಿಂದ ಈಗಿರುವ ಪುಟದ ವಿಳಾಸ ಕೇಳಿದಾಗ. 'ಲೊಕೇಶನ್ ಡಾಟ್ ಎಚ್‌ಆರ್‌ಇಎಫ್' ಕೊಡೋದು ಆಗಲೇ ಎನ್‌ಕೋಡ್ ಆದ ವಿಳಾಸ. ಅದನ್ನು ಮತ್ತೆ ಎನ್‌ಕೋಡ್‌ಯುಆರ್‌ಐಗೆ ಕೊಟ್ಟು ವಿಳಾಸವಾಗಿಯೇ ಬಳಸಿದರೆ ಕೆಟ್ಟಿತು. ಆದರೆ %25 ಕಂಡಲ್ಲೆಲ್ಲ ತಪ್ಪು ಅಂತ ತಿಳಿಯಬೇಡಿ. ಒಂದು ಲಿಂಕಿನ ಹೊಟ್ಟೆಯೊಳಗೆ ಇನ್ನೊಂದು ಲಿಂಕ್ ಕಳಿಸುವಾಗ, ಅಂದರೆ ಶೇರ್ ಬಟನ್‌ನಲ್ಲಿ ನಿಮ್ಮ ಪುಟದ ಪೂರ್ತಿ ವಿಳಾಸವೇ ಒಂದು ತುಂಡಾಗಿ ಹೋಗುವಾಗ, ಅದನ್ನು ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್‌ಗೆ ಕೊಡಲೇಬೇಕು. ಅಲ್ಲಿ %25 ಬರೋದು ನ್ಯಾಯವೇ. ಹೊರಗಿನ ಪದರ ಬಿಚ್ಚಿದಾಗ ಒಳಗಿನದು ಸರಿಯಾಗಿ ಸಿಗುತ್ತೆ.

ತುಂಡುಗಳು ಜಾಸ್ತಿ ಇದ್ದರೆ, ಊರು, ವರ್ಷ, ಶಾಲೆ ಅಂತ ನಾಲ್ಕಾರು ಇದ್ದರೆ, 'ಯುಆರ್‌ಎಲ್‌ಸರ್ಚ್‌ಪ್ಯಾರಮ್ಸ್' ಬಳಸಿ. ಒಂದೊಂದಾಗಿ ಹೆಸರು, ಮೌಲ್ಯ ಕೊಟ್ಟರೆ ಎನ್‌ಕೋಡ್ ಮಾಡೋದೂ ಜೋಡಿಸೋದೂ ಅದರದೇ ಜವಾಬ್ದಾರಿ. ಓದುವಾಗಲೂ ಅದೇ ಬಿಡಿಸಿ ಕೊಡುತ್ತೆ, ನೀವು ಮತ್ತೆ ಡಿಕೋಡ್ ಮಾಡಲು ಹೋಗಬಾರದು. ಹೋದರೆ ಆ '100%' ಮತ್ತೆ ಎದ್ದು ಬರುತ್ತೆ. ಒಂದು ವ್ಯತ್ಯಾಸ ನೆನಪಿರಲಿ: ಇದು ಖಾಲಿ ಜಾಗವನ್ನು %20 ಮಾಡದೆ + ಮಾಡುತ್ತೆ. ಫಾರ್ಮ್‌ಗಳಿಗೆ ಅದು ಸರಿ. ಇಮೇಲ್ ತೆರೆಯುವ 'ಮೇಲ್‌ಟು' ಲಿಂಕಿಗೆ ಸರಿಯಲ್ಲ. ಅಲ್ಲಿ + ಅಂದರೆ + ಅಷ್ಟೇ, ವಿಷಯದ ಸಾಲಿನಲ್ಲಿ ಪದಗಳ ನಡುವೆಲ್ಲ + ಕಾಣುತ್ತೆ.

ಇನ್ನು ಕಂಸದ ಕಥೆ. ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಕೂಡ ದುಂಡು ಕಂಸ, ಆಶ್ಚರ್ಯಸೂಚಕ, ನಕ್ಷತ್ರ, ಒಂಟಿ ಉದ್ಧರಣ ಚಿಹ್ನೆ ಇವನ್ನು ಮುಟ್ಟೋದಿಲ್ಲ. 'ಸೊಲ್ಲಾಪುರ (ಜಿಲ್ಲೆ)' ಅಂತ ಹೆಸರಿದ್ದರೆ ವಿಳಾಸ ಕಂಸದಲ್ಲಿ ಮುಗಿಯುತ್ತೆ. ಸಂದೇಶದಲ್ಲಿರುವ ವಿಳಾಸವನ್ನು ತಾನೇ ಗುರುತಿಸಿ ನೀಲಿ ಮಾಡುವ ಕೆಲವು ಆ್ಯಪ್‌ಗಳು ಕೊನೆಯ ಕಂಸವನ್ನು ವಾಕ್ಯದ್ದು ಅಂತ ತಿಳಿದು ಹೊರಗೆ ಬಿಡುತ್ವೆ. ಲಿಂಕ್ ಒತ್ತಿದರೆ ಪುಟ ಇಲ್ಲ ಅಂತ ಬರುತ್ತೆ. ಅದಕ್ಕೆ ಈ ಎರಡು ಕಂಸವನ್ನು ನಾವೇ %28, %29 ಅಂತ ಬದಲಿಸಿಕೊಂಡರೆ ಕ್ಷೇಮ.

ಈವರೆಗೆ ಹೇಳಿದ್ದು ಯಾವ ಭಾಷೆಯವರಿಗಾದರೂ ಅನ್ವಯ ಆಗುತ್ತೆ. ಈಗ ಕನ್ನಡಕ್ಕೇ ವಿಶೇಷವಾದದ್ದಕ್ಕೆ ಬರೋಣ, ಇದನ್ನು ಹೊರಗಿನ ಪಾಠಗಳಲ್ಲಿ ಯಾರೂ ಹೇಳಿಕೊಡೋದಿಲ್ಲ.

'ಹೊಸೂರು' ತಗೊಳ್ಳಿ. 'ಹೊ'ದಲ್ಲಿರುವ ಒತ್ವವನ್ನು ಎರಡು ಥರ ಬರೆಯಬಹುದು. ಒಂದೇ ಸಂಕೇತವಾಗಿ, ಅಥವಾ ಎತ್ವ ಮತ್ತು ಊತ್ವ ಅಂತ ಎರಡು ಸಂಕೇತ ಅಕ್ಕಪಕ್ಕ ಇಟ್ಟು. ಪರದೆಯ ಮೇಲೆ ಎರಡೂ ಒಂದೇ, ಕಣ್ಣಿಗೆ ವ್ಯತ್ಯಾಸ ಕಾಣೋದಿಲ್ಲ. ಎನ್‌ಕೋಡ್ ಮಾಡಿದರೆ ಒಂದರಲ್ಲಿ %ಇ0%ಬಿ3%8ಎ, ಇನ್ನೊಂದರಲ್ಲಿ %ಇ0%ಬಿ3%86%ಇ0%ಬಿ3%82. ಅಂದರೆ ಎರಡು ಬೇರೆ ವಿಳಾಸ. ನಿಮ್ಮ ಪುಟ ಒಂದರಲ್ಲಿದೆ, ಜನ ಟೈಪ್ ಮಾಡಿದ್ದು ಇನ್ನೊಂದು, ಪುಟ ಸಿಗಲ್ಲ. 'ಕಾಸರಗೋಡು', 'ಆದೋನಿ'ಯ ಓತ್ವ ಮೂರು ಸಂಕೇತವಾಗಿಯೂ ಒಡೆಯುತ್ತೆ. ಕೀಲಿಮಣೆಯಿಂದ ನೇರ ಟೈಪ್ ಮಾಡಿದರೆ ಸಾಮಾನ್ಯವಾಗಿ ಒಂದೇ ಸಂಕೇತ ಬರುತ್ತೆ, ಬೇರೆ ಕಡೆಯಿಂದ ತಂದು ಅಂಟಿಸಿದ ಪಠ್ಯದಲ್ಲಿ ಹುಷಾರಾಗಿರಬೇಕು. ಮದ್ದು ಸುಲಭ: ಎನ್‌ಕೋಡ್ ಮಾಡುವ ಮುಂಚೆ 'ನಾರ್ಮಲೈಸ್' ಅಂತ ಕರೆದು, ಅದಕ್ಕೆ 'ಎನ್‌ಎಫ್‌ಸಿ' ಅಂತ ಹೇಳಿ. ಎಲ್ಲ ಒಡಕು ರೂಪವೂ ಕೂಡಿಕೊಂಡು ಒಂದೇ ಆಗುತ್ತೆ.

ಎನ್‌ಎಫ್‌ಸಿಗೂ ಬಗ್ಗದ ಎರಡು ವಿಷಯ ಇವೆ. ಒಂದು, ಕಣ್ಣಿಗೆ ಕಾಣದ ಸಂಕೇತ. 'ಅಕ್ಕಲ್‌ಕೋಟ್' ಅಂತ ಬರೆಯುವಾಗ 'ಲ್' ಕೆಳಗೆ ಕಕಾರದ ಒತ್ತು ಬರದಿರಲಿ ಅಂತ ನಡುವೆ ಒಂದು ಶೂನ್ಯ ಅಗಲದ ಸಂಕೇತ ಹಾಕ್ತೀವಿ. ಕನ್ನಡ ಕೀಲಿಮಣೆಯಲ್ಲಿ ಇದು ನಮಗೆ ಅಭ್ಯಾಸವೇ ಆಗಿಹೋಗಿದೆ. ವಿಳಾಸದಲ್ಲಿ ಅದು %ಇ2%80%8ಸಿ ಆಗಿ ಕೂರುತ್ತೆ. ಬಾಲದ ನಡುವೆ ಇ0 ಬಿಟ್ಟು ಇ2 ಕಂಡರೆ ಮೊದಲ ಅನುಮಾನ ಇದರ ಮೇಲೇ ಇರಲಿ. ತೋರಿಸುವ ಪಠ್ಯದಲ್ಲಿ ಇದು ಬೇಕೇ ಬೇಕು, ಹುಡುಕುವ ವಿಳಾಸದಲ್ಲಿ ತೆಗೆಯೋದು ಒಳ್ಳೆಯದು. ಪದದ ಕೊನೆಯಲ್ಲಂತೂ ಇದಕ್ಕೆ ಕೆಲಸವೇ ಇಲ್ಲ.

ಎರಡನೆಯದು ಅನುಸ್ವಾರ ಮತ್ತು ಕನ್ನಡ ಸೊನ್ನೆ. 'ಮಂಜೇಶ್ವರ', 'ಕುಂಬಳೆ' ಬರೆಯುವಾಗ ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಒತ್ತಿದವರು ಎಷ್ಟೋ ಜನ. ನೋಡಲಿಕ್ಕೆ ಹೆಚ್ಚು ಕಡಿಮೆ ಒಂದೇ. ವಿಳಾಸದಲ್ಲಿ ಅನುಸ್ವಾರ %ಇ0%ಬಿ2%82, ಸೊನ್ನೆ %ಇ0%ಬಿ3%ಎ6. ಇದನ್ನು ಯಾವ ಫಂಕ್ಷನ್ನೂ ತಾನಾಗಿ ತಿದ್ದೋದಿಲ್ಲ. ಅಕ್ಷರದ ಪಕ್ಕದಲ್ಲಿ ಕನ್ನಡ ಸೊನ್ನೆ ಕಂಡರೆ ಅನುಸ್ವಾರ ಮಾಡು ಅಂತ ನೀವೇ ಒಂದು ಸಾಲು ಬರೆಯಬೇಕು.

ಇವೆಲ್ಲಕ್ಕಿಂತ ಹೆಚ್ಚು ಹಾನಿ ಮಾಡೋದು, ಶೀರ್ಷಿಕೆಯಿಂದ ವಿಳಾಸ ತಯಾರಿಸುವ ಪುಟ್ಟ ಕೋಡ್. ಎಲ್ಲಿಂದಲೋ ನಕಲು ಮಾಡಿದ್ದರಲ್ಲಿ 'ಎ ಇಂದ ಜಡ್, ಸೊನ್ನೆಯಿಂದ ಒಂಬತ್ತು ಬಿಟ್ಟು ಉಳಿದದ್ದನ್ನೆಲ್ಲ ಅಳಿಸು' ಅಂತ ಇರುತ್ತೆ. ಕನ್ನಡ ಶೀರ್ಷಿಕೆ ಕೊಟ್ಟರೆ ಏನೂ ಉಳಿಯೋದಿಲ್ಲ, ಪೂರ್ತಿ ಖಾಲಿ. ಅದನ್ನು ತಿದ್ದೋಕೆ ಹೋಗಿ 'ಯಾವ ಭಾಷೆಯ ಅಕ್ಷರವಾದರೂ ಉಳಿಸು' ಅಂತ ಬರೆದರೂ ಸಾಲದು. ಯುನಿಕೋಡ್ ಲೆಕ್ಕದಲ್ಲಿ ನಮ್ಮ ಕಾಗುಣಿತದ ಗುರುತು, ಹಲಂತ ಇವು 'ಅಕ್ಷರ' ಗುಂಪಿನಲ್ಲಿ ಇಲ್ಲ, 'ಗುರುತು' ಅನ್ನೋ ಬೇರೆ ಗುಂಪಿನಲ್ಲಿವೆ. ಹಾಗಾಗಿ 'ಕಾಸರಗೋಡು' ಹೋಗಿ 'ಕಸರಗಡ' ಆಗುತ್ತೆ. 'ಕನ್ನಡ' ಹೋಗಿ 'ಕನನಡ' ಆಗುತ್ತೆ. ಹುಡುಕು ಸೂತ್ರದಲ್ಲಿ ಅಕ್ಷರದ ಗುಂಪು ಎಲ್ ಜೊತೆಗೆ ಗುರುತಿನ ಗುಂಪು ಎಂ ಕೂಡ ಸೇರಿಸಬೇಕು, ಕೊನೆಗೆ ಯು ಅನ್ನೋ ಧ್ವಜ ಹಾಕಬೇಕು. 2018ರ ಜಾವಾಸ್ಕ್ರಿಪ್ಟ್ ಆವೃತ್ತಿಯಿಂದ ಇದು ಸಿಗುತ್ತೆ. ಊರಿನ ಹೆಸರನ್ನು ಒಬ್ಬ ಅಧಿಕಾರಿ ಬೋರ್ಡಿನಲ್ಲಿ ಕಸರಗಡ ಅಂತ ಬರೆದಿದ್ದರೆ ನಾವೆಲ್ಲ ಸೇರಿ ಮನವಿ ಕೊಡ್ತಿದ್ವಿ. ನಮ್ಮದೇ ಪುಟದ ಕೋಡ್ ಅದನ್ನು ಮಾಡ್ತಿದ್ದರೂ ಅಷ್ಟೇ ಗಮನ ಕೊಡಬೇಕಲ್ವಾ?

ಉದ್ದದ ಪ್ರಶ್ನೆ ಬಹಳ ಜನ ಕೇಳ್ತೀರಿ. ನಿಜ, ಉದ್ದ ಆಗುತ್ತೆ. ಕನ್ನಡ ಎಸ್‌ಎಂಎಸ್ ಒಂದರಲ್ಲಿ 70 ಸಂಕೇತ ಹಿಡಿಸುತ್ತೆ, ಎನ್‌ಕೋಡ್ ಆದ 'ಕಾಸರಗೋಡು' ಒಂದೇ 72. ನಮ್ಮ ಅಭಿಪ್ರಾಯ ಇದು: ವಿಳಾಸದಲ್ಲಿ ಮೊದಲು ಪುಟದ ಸಂಖ್ಯೆ, ಆಮೇಲೆ ಕನ್ನಡ ಹೆಸರು ಇಡಿ. ಕೋಡ್ ಸಂಖ್ಯೆ ನೋಡಿ ಪುಟ ತೆರೆಯಲಿ, ಹೆಸರು ಜನರಿಗಾಗಿ ಇರಲಿ. ಬಾಲ ಎಲ್ಲಿ ತುಂಡಾದರೂ ಪುಟ ಸಿಗುತ್ತೆ. ಎಸ್‌ಎಂಎಸ್‌ನಲ್ಲಿ ಸಂಖ್ಯೆಯವರೆಗಷ್ಟೇ ಕಳಿಸಬಹುದು. ಶೀರ್ಷಿಕೆ ಮೊಟಕು ಮಾಡೋದಿದ್ದರೆ ಎನ್‌ಕೋಡ್ ಮಾಡುವ ಮುಂಚೆಯೇ ಮಾಡಿ, ಅದೂ ಪದದ ಕೊನೆಯಲ್ಲಿ. ಎನ್‌ಕೋಡ್ ಆದಮೇಲೆ ಕತ್ತರಿಸಿದರೆ ಮೂರು ಬೈಟಿನ ನಡುವೆ ಕತ್ತರಿ ಬಿದ್ದು, ಬಿಡಿಸುವಾಗ ಮತ್ತದೇ ಯುಆರ್‌ಐ ಎರರ್.

ಹಳೆಯ ಪುಟ, ಹಳೆಯ ಕಡತ ಇಟ್ಟುಕೊಂಡವರಿಗೆ ಎರಡು ಮಾತು. ಪುಟ ಯುಟಿಎಫ್-8 ಅಂತ ಘೋಷಿಸದಿದ್ದರೆ, ಫಾರ್ಮಿನಲ್ಲಿ ಬರೆದ 'ಕ' ಎಷ್ಟೋ ಸಲ %26%233221%3ಬಿ ಅನ್ನೋ ವಿಚಿತ್ರ ರೂಪದಲ್ಲಿ ಹೋಗುತ್ತೆ. ಅದು 0ಸಿ95ನ್ನೇ ಹತ್ತರ ಲೆಕ್ಕದಲ್ಲಿ, 3221 ಅಂತ ಬರೆದದ್ದು. ಪುಟದ ತಲೆಯಲ್ಲಿ ಒಂದು ಸಾಲು ಸೇರಿಸಿದರೆ ಸರಿಹೋಗುತ್ತೆ. ಇನ್ನು ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಊರ ಪಟ್ಟಿಗಳಿದ್ದರೆ, ಕಂಪ್ಯೂಟರ್ ಪಾಲಿಗೆ ಅದು ಕನ್ನಡವೇ ಅಲ್ಲ, ಫಾಂಟಿನ ವೇಷ ಹಾಕಿದ ಬೇರೆ ಅಕ್ಷರಗಳು. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಎನ್‌ಎಫ್‌ಸಿ ಮಾಡಿ, ಆಮೇಲೆ ಎನ್‌ಕೋಡ್ ಮಾತು.

ಡೊಮೇನ್ ಹೆಸರು, ಅಂದರೆ ಮೊದಲ ಓರೆಗೆರೆಗಿಂತ ಹಿಂದಿನ ಭಾಗ, ಈ ದಾರಿಯಲ್ಲಿ ಹೋಗೋದಿಲ್ಲ. ಕನ್ನಡ ಲಿಪಿಯಲ್ಲೇ 'ಡಾಟ್ ಭಾರತ' ಇದೆ. ಅದು 2003ರಲ್ಲಿ ಗೊತ್ತುಪಡಿಸಿದ ಪ್ಯೂನಿಕೋಡ್ ಅನ್ನೋ ಬೇರೆ ಪದ್ಧತಿಯಲ್ಲಿ ಕೆಲಸ ಮಾಡುತ್ತೆ. ಅದಕ್ಕೆ ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಹಾಕಬೇಡಿ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡ್ತೀವಿ. ಜನ ಫಾರ್ಮಿನಲ್ಲಿ ಬರೆದದ್ದನ್ನು ಹಾಗೇ ಲಿಂಕಿಗೆ ಅಂಟಿಸಿದರೆ, ಯಾರಾದರೂ ತುಂಟರು & ಹಾಕಿ ತಮಗೆ ಬೇಕಾದ ಇನ್ನೊಂದು ಮಾಹಿತಿಯನ್ನು ಅದಕ್ಕೆ ತೂರಿಸಬಹುದು. ಎನ್‌ಕೋಡ್ ಮಾಡಿದರೆ ಆ ಬಾಗಿಲು ಮುಚ್ಚುತ್ತೆ. ಆದರೆ ಅದನ್ನೇ ಪುಟದ ಮೇಲೆ ತೋರಿಸುವಾಗ ಬೇಕಾಗುವ ಎಚ್ಚರ ಬೇರೆ. ಅಲ್ಲಿ 'ಟೆಕ್ಸ್ಟ್‌ಕಂಟೆಂಟ್' ಮೂಲಕ ಬರೆಯಿರಿ, 'ಇನ್ನರ್‌ಎಚ್‌ಟಿಎಂಎಲ್' ಬೇಡ.

ಪರೀಕ್ಷೆಗೆ ಇಂಗ್ಲಿಷಿನ 'ಟೆಸ್ಟ್ 123' ಸಾಕಾಗೋದಿಲ್ಲ. ಈ ಐದನ್ನು ಹಾಕಿ ನೋಡಿ: ಕಾಸರಗೋಡು, ಹೊಸೂರು, ಅಕ್ಕಲ್‌ಕೋಟ್, 'ಸೊಲ್ಲಾಪುರ (ಜಿಲ್ಲೆ)', ಮತ್ತೆ '100% ಕನ್ನಡ & #ಗಡಿನಾಡು +91'. ಲಿಂಕ್ ತಯಾರಿಸಿ, ನಿಮ್ಮ ಫೋನಿನಿಂದ ಮನೆಯ ಹಳೆಯ ಫೋನಿಗೆ ಕಳಿಸಿ, ಅಲ್ಲಿ ಒತ್ತಿ. ಐದೂ ಪೂರ್ತಿಯಾಗಿ ತಲುಪಿದವು ಅಂದರೆ ಪುಟವನ್ನು ಊರವರ ಗುಂಪಿಗೆ ಹಾಕಬಹುದು.